ಸಾವು ಹತ್ತದ ಮಂಚ

ನಮ್ಮವ್ವನಾಣೆ, ಇದು ನಡೆದಿದ್ದೇ. ಸುಳ್ಳು ಅಂದೋನ ಮೀಸೆ ಬೋಳಿಸ್ತೀನಿ. ಓದಿದೋರು ಏನಾದ್ರೂ ಬರ್ಕೊಳ್ಳಲಿ, ಕಣ್ಣಾರೆ ಕಂಡೋನು ನಾನು.

ಬಲು ಹಿಂದೆ, ಮೃಗಗಳಿಗೆ ಮಾತು ಬರ್ತಿದ್ದ ಕಾಲದಲ್ಲಿ, ಹೊನ್ನಗವಿ ಅಂತ ಒಂದು ರಾಜ್ಯ. ಅಲ್ಲಿ ಸಿಂಗರಸ ಅಂತ ರಾಜ. ಆನೆ ಸೊಂಡಿಲು ಹಿಡಿದು ಕೂರಿಸ್ತಿದ್ದ ಗಂಡುಗಲಿ. ಅಂಥೋನೂ ಮುಪ್ಪಾಗಿ ಮಂಚ ಹಿಡಿದ, ಮೇಲುಸಿರು ಬಂತು. ಸಾಯೋರನ್ನ ಮಂಚದಿಂದ ಇಳಿಸಿ ನೆಲಕ್ಕೆ ಮಲಗಿಸೋದು ತಾನೇ ಪದ್ಧತಿ? ಇಳಿಸೋಕೆ ಹೋದ್ರೆ ಒಬ್ಬಳೇ ಮಗಳು ಗಂಗಾಜಿ ಅಡ್ಡ ಬಿದ್ದಳು. "ಅಪ್ಪಾಜಿನ ಬಿಡಲ್ಲ" ಅಂದ್ಲು.

ಆಗ ಬಂದ ನೋಡಿ ಬೂದಿಗಣ್ಣ ಅನ್ನೋ ಮುದಿ ಮಾಂತ್ರಿಕ. ಮಂಚದ ಹಗ್ಗಕ್ಕೆ ಮಂತ್ರ ಊದಿದ. "ನಿಮ್ಮಪ್ಪ ಉಳೀಬೇಕಾದ್ರೆ ಇದನ್ನ ತೆಗೀಬೇಡ" ಅಂತ ಗಂಗಾಜಿ ಕೈಗೆ ಒಂದು ರಕ್ಷೆ ಕಟ್ಟಿದ. ಅವತ್ತಿಂದ ಆ ಮಂಚಕ್ಕೆ ಸಾವು ಹತ್ತಲಿಲ್ಲ. ನೋವು ಇಳೀಲಿಲ್ಲ. ರಾಜ ಹನ್ನೆರಡು ವರ್ಷ ನರಳಿದ. ಅವನು ಒಂದು ಸಲ ನರಳಿದ್ರೆ ಬೂದಿಗಣ್ಣನ ಒಂದು ನರೆಗೂದಲು ಕಪ್ಪಾಗೋದು.

ಹನ್ನೆರಡನೇ ವರ್ಷ ಹಗ್ಗ ಸಡಿಲಾಯ್ತು. ಮಂತ್ರ ಬಲ್ಲ ಕೈಗೆ ಮಂಚ ಬಿಗಿಯೋಕೆ ಬರ್ತದಾ? ಮಂಚ ಹೆಣೆಯೋ ಜವರನ್ನ ಎಳ್ಕೊಂಡು ಬಂದ್ರು.

"ಮೂರು ದಿನ ಗಡುವು. ಬಿಗೀದಿದ್ರೆ ನಿನ್ನ ತಲೆ ಕೋಟೆ ಬಾಗಿಲಿಗೆ" ಅಂದ ಬೂದಿಗಣ್ಣ.

ಜವರ ಮಂಚದಡಿ ತೂರಿದ. ಮೇಲಿಂದ ರಾಜನ ಪಿಸುದನಿ ಬಂತು. "ಬಿಗೀಬೇಡ ಕಣೋ ಮಗ. ಬಿಚ್ಚು. ನೆಲಕ್ಕಿಳಿಸು ನನ್ನ."

ಜವರ ಹಗ್ಗದಿಂದ ಕೈ ತೆಗೆದ. ಬಿಗಿದ್ರೆ ಮುದುಕ ಇನ್ನೂ ನರಳ್ತಾನೆ. ಬಿಚ್ಚಿದ್ರೆ ರಾಜನ್ನ ಕೊಂದ ಪಾಪ.

ರಾಜಗುರುನ ಕೇಳಿದ. "ಕೊಟ್ಟೋನು ಶಿವ, ತಗೊಳ್ಳೋನೂ ಶಿವ. ನಡುವೆ ನೀನ್ಯಾವನೋ? ಹೆಸರು ಜವರ ಅಂದ್ರೆ ಯಮನ ಕೆಲಸಕ್ಕೇ ಕೈ ಹಾಕ್ತೀಯಾ?" ಅಂದ್ರು ಅವರು.

ದಳವಾಯಿನ ಕೇಳಿದ. "ಕಾಲು ಮುರಿದ ಕುದುರೆಗೆ ತೋರಿಸೋ ಕರುಣೆ ರಾಜಂಗೆ ಬ್ಯಾಡ್ವೇನೋ?" ಅಂತ ಅವನು ಗದರಿದ.

ತಲೆ ಕೆಟ್ಟು ಜವರ ಮಾತಾಡೋ ಮೃಗಗಳ ಕಾಡಿಗೆ ಹೋದ.

ಕೆರೆ ದಂಡೇಲಿ ಗಾಡಿಯಷ್ಟು ದೊಡ್ಡ ಆಮೆ ಬಳ್ಳೀಲಿ ಸಿಕ್ಕಿಬಿದ್ದಿತ್ತು. "ಬಿಚ್ಚು, ನಿನ್ನ ಪ್ರಶ್ನೆಗೆ ಉತ್ತರ ಹೇಳ್ತೀನಿ" ಅಂತು. ಅದರ ಬಾಯಿ ಮುಂದೇ ಕೈ ಇಟ್ಟು ಜವರ ಬಿಚ್ಚಿದ. ಆಮೆ ಅಂತು: "ಈ ಕೆರೆ ಒಣಗಿದಾಗ ಸಾಯ್ಬೇಕು ಅಂತ ನೂರು ದಿನ ಕೇಳ್ಕೊಂಡೆ. ನೂರೊಂದನೇ ದಿನ ನೀರು ಬಂತು. ಬದುಕು ಬೇಡ ಅನ್ನೋ ಮಾತು ನಂಬಬೇಡ, ನಾಳೆ ಬದಲಾಗ್ತದೆ. ಬಿಗಿ."

ಊರ ಕಡೆಯಿಂದ ರಾಜನ ನರಳಾಟ ಕೇಳಿಸ್ತು. ಒಂದು ದಿನ ಕಳೀತು.

ಗವಿ ಬಾಯಲ್ಲಿ ಬೆನ್ನು ಮುರಿದ ತೋಳ, ಮುಳ್ಳುಬಳ್ಳೀಲಿ. "ಬಿಚ್ಚು, ಉತ್ತರ ಹೇಳ್ತೀನಿ" ಅಂತು. ಅದರ ಹಲ್ಲು ಕುತ್ತಿಗೆಗೆ ತಾಗ್ತಿದ್ರೂ ಜವರ ಬಿಚ್ಚಿದ. ತೋಳ ಅಂತು: "ಬೂದಿಗಣ್ಣ ಮಂತ್ರ ಮೊದಲು ಪರೀಕ್ಷೆ ಮಾಡಿದ್ದು ನನ್ನ ಮೇಲೆ. ಹದಿಮೂರು ವರ್ಷ ಆಯ್ತು, ಸಾವೂ ಬರಲಿಲ್ಲ, ಬೆನ್ನೂ ಕೂಡಲಿಲ್ಲ, ನನಗೆ ಯಾವ ನಾಳೆನೂ ಬರಲಿಲ್ಲ. ನೋವು ನಂದಾದ್ರೆ ಮಾತೂ ನಂದೇ ಕಣೋ. ಬಿಚ್ಚು."

ನರಳಾಟ ಇನ್ನೂ ಜೋರಾಯ್ತು. ಎರಡು ದಿನ ಕಳೀತು.

ಮೂರನೇ ದಿನ ಮರದ ಬುಡದಲ್ಲಿ ಒಂದು ಕೋತಿ. ಸತ್ತ ಮರೀನ ಅವಚ್ಕೊಂಡಿತ್ತು. ಹತ್ರ ಹೋದ್ರೆ ಪರಚ್ತಿತ್ತು. ಜವರ ಕೈ ಚಾಚಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತ. ಬಿಸಿಲು ಇಳಿಯೋ ಹೊತ್ತಿಗೆ ಕೋತಿ ತಾನೇ ಮರೀನ ನೆಲಕ್ಕೆ ಇಟ್ಟಿತು.

"ಬಿಗೀಲೋ ಬಿಚ್ಲೋ ತಾಯಿ?" ಅಂದ ಜವರ.

"ನಂಗೇನು ಗೊತ್ತು? ಗಂಟು ಬಿಚ್ಚೋನು ನೀನು. ಮೊದಲು ಏನು ಹುಡುಕ್ತೀಯ?"

"ತುದಿ."

"ಹುಡುಕು ಹೋಗು."

ಜವರ ಎದ್ದುಬಿದ್ದು ಓಡಿದ. ಕೋಟೆ ಬಾಗಿಲಲ್ಲಿ ಕೊಡಲಿ ಮಸೀತಿದ್ರು. ಮಂಚದಡಿ ತೂರಿ ಬೆರಳಲ್ಲಿ ಹಗ್ಗ ಸವರಿದ. ಹಗ್ಗ ಸಣ್ಣಗಾಗ್ತಾ ಕಣ್ಣಿಗೆ ಕಾಣದಂಥ ದಾರ ಆಯ್ತು. ದಾರ ಕಂಬಳಿ ಕೆಳಗೆ ಸಾಗಿ ಗಂಗಾಜಿ ಕೈಯ ರಕ್ಷೆಗೆ ಸೇರಿತ್ತು!

"ಅಮ್ಮಣ್ಣೀ, ತುದಿ ನಿಮ್ಮ ಕೈಲಿದೆ."

ಗಂಗಾಜಿ ಕೈ ಹಿಂದಕ್ಕೆ ಎಳ್ಕೊಂಡ್ಲು. "ತೆಗೆದ್ರೆ ಅಪ್ಪನ್ನ ಕೊಂದೋಳಾಗ್ತೀನಿ ಕಣೋ!"

"ಆಗ್ತೀಯ, ಆಗ್ತೀಯ" ಅಂದ ಬೂದಿಗಣ್ಣ.

"ನಾನು ಮಂಚ ಹೆಣೆಯೋನು ತಾಯಿ, ಪಾಪ ಪುಣ್ಯ ತಿಳೀದು" ಅಂದ ಜವರ. "ಅವರನ್ನೇ ಕೇಳಿ. ಹನ್ನೆರಡು ವರ್ಷದಲ್ಲಿ ಒಂದ್ಸಲನಾದ್ರೂ ಕೇಳಿದೀರಾ?"

ಗಂಗಾಜಿ ಬಗ್ಗಿದ್ಲು. "ಏನು ಬೇಕು ಅಪ್ಪಾಜಿ?"

"ನೆಲ ಬೇಕು ಮಗಳೇ. ತಣ್ಣಗಿರ್ತದೆ."

"ಸಾಯ್ಬೇಕಾ?"

"ಅದು ಬಂದಾಗ ಬರ್ಲಿ. ನೀನು ಕರೀಬೇಡ, ಅಡ್ಡಾನೂ ನಿಲ್ಲಬೇಡ. ಪಕ್ಕದಲ್ಲಿ ಕೂತ್ಕೊ."

ಗಂಗಾಜಿ ಅಳ್ತಾ ರಕ್ಷೆ ಬಿಚ್ಚಿದ್ಲು. ಹಗ್ಗ ಸರ್ರ್ ಅಂತ ಕಳಚ್ಕೊಂಡ್ತು. ಬೂದಿಗಣ್ಣನ ಕೂದಲು ಬೆಳ್ಳಗಾಯ್ತು, ಬೆನ್ನು ಬಾಗ್ತು, ಇಡೀ ಮೈ ಬೂದಿಯಾಗಿ ಕಿಟಕೀಲಿ ಹಾರಿಹೋಯ್ತು.

ಜವರ, ಗಂಗಾಜಿ ಇಬ್ಬರೂ ರಾಜನ್ನ ಎತ್ತಿ ನೆಲಕ್ಕೆ ಮಲಗಿಸಿದ್ರು. ಅರಮನೆಯೋರೆಲ್ಲ ಸುತ್ತ ನೆರೆದ್ರು. ರಾಜಗುರು ಕಣ್ಣು ಮುಚ್ಚಿದ್ರು. ದಳವಾಯಿ ತಲೆ ತಗ್ಗಿಸಿದ.

ರಾಜ ಕಣ್ಣು ಬಿಟ್ಟ. "ಮಜ್ಜಿಗೆ ಇದ್ಯಾ?" ಅಂದ.

ಮಜ್ಜಿಗೆ ಕುಡಿದ. ಮಗಳ ಕೈಲಿ ಗಂಜಿ ಕುಡಿದ. ದಳವಾಯಿನ ಬೈದ. ಹೀಗೆ ಹನ್ನೊಂದು ದಿನ. ಹನ್ನೆರಡನೇ ದಿನ ಎಳೆಬಿಸಿಲಲ್ಲಿ, ಮಗಳ ತೊಡೆ ಮೇಲೆ ತಲೆ ಇಟ್ಟು, ನರಳದೇ ಹೊರಟ. ಗಂಗಾಜಿ ಪಟ್ಟಕ್ಕೆ ಬಂದ್ಲು, ಜವರ ಅರಮನೆ ಮಂಚಗಳಿಗೆಲ್ಲ ಯಜಮಾನನಾದ. ರಾಜ್ಯ ತಣ್ಣಗಿತ್ತು. ಬೂದಿಗಣ್ಣನ ಜೊತೆಗೇ ಮಂತ್ರನೂ ಹೋಗಿ, ಬೆನ್ನು ಕೂಡ್ಕೊಂಡು ತೋಳ ಎದ್ದು ಓಡಾಡ್ತು. ಅದೂ ಆಮೆನೂ ಕೆರೆ ದಂಡೇಲಿ ಇವತ್ತಿಗೂ ವಾದ ಮಾಡ್ತವೆ, ಒಂದೂ ಸೋತಿಲ್ಲ.

ಸೋತೋನು ನಾನು. ಬೆನ್ನು ನೆಲಕ್ಕೆ ತಾಗಿದ ಗಳಿಗೇಲೇ ರಾಜ ಹೋಗ್ತಾನೆ ಅಂತ ಅರಮನೆ ಬಾಗಿಲಲ್ಲಿ ಎದೆ ತಟ್ಟಿ ಪಂಥ ಕಟ್ಟಿದ್ದೆ. ಹೋಗಿದ್ದು ಹದಿಮೂರು ವರಹ, ನಾಲ್ಕು ಹಣ, ಎರಡು ಕಾಸು.