ಹಾಡಿನ ಫೋಲ್ಡರಿನಲ್ಲಿ ಸಿಕ್ಕ ಗಂಡ

"ಆಪಾ, ಇವನಂಥಾ ಮಳ್ಳ ಗಂಡ ಲೋಕದಾಗ ಇಲ್ಲ. ನೋಡಿಲ್ಲೆ!"

ಚಿಕ್ಕಮ್ಮನ ಮಗಳು ಆಯೇಶಾ ತನ್ನ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದಳು. ರಂಜಾನ್ ಮುಗಿದ ಮೇಲೆ ಸಿರುಗುಪ್ಪದ ತವರಿಗೆ ಬಂದ ನಾನು ಬಳ್ಳಾರಿಯ ಗಂಡನ ಮನೆಗೆ ಹಿಂತಿರುಗಿರಲಿಲ್ಲ. ಮನೆಯಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳದಿರುವುದೇ ದಿನವಿಡೀ ಕೇಳಿಸುತ್ತಿತ್ತು.

"ಏನದು?"

"ಗೇಮ್. ಗಂಡ ಹೆಂಡ್ತಿ ಮುನಿಸಿಕೊಂಡ ಕಥಿ. ಗಂಡ ಏನ್ ಮಾಡ್ಬೇಕಂತ ನಾವ ಒತ್ತಬೇಕು. ಬಳ್ಳಾರಿಯಾಗ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿದ್ನೆಲ್ಲ, ಅದರ ಜೊತಿಗೆ ಬಂದೈತಿ. ನಮ್ಮ ಕಾಲೇಜಿನಾಗ ಎಲ್ಲಾರೂ ಬ್ಲೂಟೂತ್ ಮಾಡ್ಕೊಂಡಾರ."

ಆಗಿನ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ, ಅಕ್ಷರದ ಜಾಗದಲ್ಲಿ ಚೌಕಗಳು ಕಾಣುತ್ತಿದ್ದವು. ಇದರಲ್ಲಿ ಮಾತ್ರ ಕನ್ನಡವಿತ್ತು. ಯಾರೋ ಪೆನ್ನಿನಲ್ಲಿ ಬರೆದು, ಹಾಳೆಯ ಫೋಟೋ ತೆಗೆದು, ಒಂದೊಂದಾಗಿ ಜೋಡಿಸಿದ್ದರು. ಸಾಲು ಮೇಲಕ್ಕೆ ಏರುತ್ತ ಹೋಗುವ ಆ ದುಂಡು ಬರವಣಿಗೆ ನನಗೆ ಗೊತ್ತಿತ್ತು. ಅದು ನನ್ನ ಗಂಡ ಮುಬಶೀರ್ ಬರಹ.

'ಊಟದ ಹೊತ್ತು. ಹೆಂಡತಿಗೆ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದೆ. ನಮ್ಮ ಮನೆ ಸೊಸೆ ದುಡಿಯಬೇಕಾಗಿಲ್ಲ ಎನ್ನುತ್ತಾನೆ ಅಣ್ಣ. ನೀನು: 1. ಸುಮ್ಮನಿರು. 2. ನೀರು ಕೇಳು. 3. ಮಾತಾಡು.'

ಅದು ಬಳ್ಳಾರಿಯ ಕೌಲ್ ಬಜಾರಿನ ನಮ್ಮದೇ ಮನೆ. ಆ ದಿನ ಇವರು ನೀರು ಕೇಳಿದ್ದರು. ನಾನು ನೀರು ಕೊಟ್ಟೆ, ಒಳಗೆ ಹೋಗಿ ಬಟ್ಟೆ ಮಡಚಿಟ್ಟುಕೊಂಡೆ.

ಅದಿರಿನ ಕಾಲ ಅದು. ಭಾವ ಶಕೀಲ್ ಅವರ ಲಾರಿಗಳು ಗಣಿಗೂ ರೈಲಿಗೂ ಓಡುತ್ತಿದ್ದವು, ಮನೆಯ ಮಾತೆಲ್ಲ ಅವರದೇ. ಇವರದು ಸಣ್ಣ ಮೊಬೈಲ್ ಅಂಗಡಿ. ಸತ್ತ ಫೋನನ್ನು ಇವರು ಬಿಚ್ಚುವುದನ್ನು ನೋಡಬೇಕು. ಮಲಗಿದ ಮಗುವಿನ ಅಂಗಿ ತೆಗೆದಂತೆ ಬಿಚ್ಚುತ್ತಾರೆ. ನಾನು ಇವರನ್ನು ಮೆಚ್ಚಿದ್ದೇ ಆ ಕೈಗಳಿಗಾಗಿ.

ಮುಂದಕ್ಕೆ ಒತ್ತಿದೆ.

'ಸಿಟ್ಟು ಬಂದರೆ ಅವಳು ಎಡಗೈ ಬಳೆಗಳನ್ನು ಮೇಲಕ್ಕೆ ಸರಿಸುತ್ತಾಳೆ, ಸದ್ದಾಗಬಾರದೆಂದು.'

ನನ್ನ ಎಡಗೈ ನೋಡಿಕೊಂಡೆ. ಬಳೆಗಳೆಲ್ಲ ಮೇಲಿದ್ದವು.

'ರೊಟ್ಟಿ ಬಡಿಯುತ್ತ ಅವಳು ಒಬ್ಬಳೇ ಇತಿಹಾಸದ ಪಾಠ ಹೇಳುತ್ತಾಳೆ. ನೀನು ಬಾಗಿಲ ಹಿಂದೆ ಇದ್ದೀ: 1. ಒಳಗೆ ಹೋಗು. 2. ಅಲ್ಲೇ ನಿಲ್ಲು.'

"ಅಲ್ಲೇ ನಿಲ್ಲು ಒತ್ತು ಆಪಾ. ಒಳಗ ಹೋದ್ರ ಅಕಿ ಹೇಳೋದು ಬಿಟ್ಟುಬಿಡ್ತಾಳ."

ಹಾಗಾದರೆ ಇವರು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ನನ್ನ ಪಾಠವನ್ನು, ರೊಟ್ಟಿಯ ಸದ್ದಿನ ನಡುವೆ, ಉಸಿರು ಬಿಗಿಹಿಡಿದು.

"ಎಲ್ಲಾ ಚಲೋ ಐತಿ," ಆಯೇಶಾ ಗೊಣಗಿದಳು, "ಮಾತಾಡು ಅಂತ ಎಲ್ಲಿ ಒತ್ತಿದ್ರೂ 'ಇದನ್ನು ಇನ್ನೂ ಬರೆದಿಲ್ಲ' ಅಂತ ಬರತೈತಿ. ಮಾಡಿದವಗ ಏನ್ ರೋಗ?"

ಆ ಪಾಠದ ಕೆಲಸ ಸಿಕ್ಕಿದ್ದು ಸಿರುಗುಪ್ಪದ ಕಾಲೇಜಿನಲ್ಲಿ, ಸೋಮವಾರ ನಾನು ಅವರಿಗೆ ಉತ್ತರ ಹೇಳಬೇಕಿತ್ತು. ಹೂಂ ಅಂದರೆ ಗಂಡನ ಮನೆಯ ಬಾಗಿಲು ಮುಚ್ಚಿದಂತೆ. ಬೇಡ ಅಂದರೆ ನನ್ನದೇ ಬಾಯಿ ಮುಚ್ಚಿದಂತೆ. ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ.

"ನಿಮ್ಮ ಗೇಮ್ ಆಡಿದೆ."

ಆ ಕಡೆ ಏನೋ ಕೆಳಗೆ ಬಿದ್ದು ಉರುಳಿತು. "ನಿನಗಂತ ಮಾಡಿದ್ದು, ಹುಮೇರಾ. ನಿನಗ ಕಳಿಸೋ ಕಾರ್ಡಿಗೆ ಹಾಕೋಣಂತ ಹೊಸಾ ಹಾಡಿನ ಫೋಲ್ಡರಿನಾಗ ಇಟ್ಟಿದ್ದೆ. ಅದ ಫೋಲ್ಡರ್ ಎಲ್ಲಾ ಗಿರಾಕಿಗೂ ಹಾಕಿಬಿಟ್ಟೀನಿ."

"ಅಂದ್ರ?"

"ಅಂದ್ರ ಅರ್ಧ ಬಳ್ಳಾರಿ ನನ್ನ ಬೈಯಾಕ ಹತ್ತೈತಿ. ಲಾರಿ ಡ್ರೈವರ್ ಗಾದಿಲಿಂಗಪ್ಪ ಅಂಗಡಿಗೇ ಬಂದು, 'ಈ ಗಂಡ ಯಾವನಲೇ, ಬಾಯಾಗ ಅದಿರು ತುಂಬಿಕೊಂಡಾನೇನು?' ಅಂದ. ನಾ ಹೂಂ ಅಂದೆ."

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

"ಮಾತಾಡು ಒತ್ತಿದ್ರ ಯಾಕ ಖಾಲಿ ಬರತೈತ್ರಿ?"

"ಬರೆದಿದ್ರ ಸುಳ್ಳಾಗತಿತ್ತು. ನಾ ಮಾತಾಡಿಲ್ಲಲ್ಲ."

ಸುಳ್ಳು ಬರೆದು ನನ್ನನ್ನು ಒಲಿಸಿಕೊಳ್ಳುವುದು ಎಷ್ಟು ಸುಲಭವಿತ್ತು. ಇವರು ಹಾಗೆ ಮಾಡಿರಲಿಲ್ಲ. ಗೋಡೆಗೆ ಒರಗಿ ನಿಂತೆ.

"ನಾಳೆ ಕುರುಗೋಡಿಗೆ ಬರ್ರಿ," ಅಂದೆ. "ಅರ್ಧ ದಾರಿ ನೀವು, ಅರ್ಧ ದಾರಿ ನಾನು."

ಮರುದಿನ ಕುರುಗೋಡಿನಲ್ಲಿ ಅವರು ಬಸ್ಸಿಳಿಯುವುದನ್ನು ದೂರದಿಂದಲೇ ನೋಡಿದೆ. ಅಜ್ಜಿಯೊಬ್ಬರ ಚೀಲ ಇಳಿಸಿಕೊಟ್ಟು, ಬೈಸಿಕೊಂಡು, ನಗುತ್ತ ತಿರುಗಿದರು. ರೆಪ್ಪೆಯ ಮೇಲೆ ಬಳ್ಳಾರಿಯ ಕೆಂಪು ದೂಳು. ನನ್ನನ್ನು ಕಂಡು, ಮುಖಕ್ಕಿಂತ ಮೊದಲು ಎಡಗೈ ನೋಡಿದರು.

ಬಳೆಗಳನ್ನು ಕೆಳಗೆ ಜಾರಿಸಿದೆ.

"ಸಿಟ್ಟು ಹೋತೇನು?"

"ಇಲ್ಲ. ಸೆಖಿ ಆಗೇತಿ."

ತುಟಿಯಂಚಿನಲ್ಲಿ ಬಂದ ನಗುವನ್ನು ಅವರು ನುಂಗಿಕೊಂಡರು. "ಆ ಖಾಲಿ ಜಾಗ ತುಂಬಸ್ತೀನಿ. ಇವತ್ತ ಬರೀತೀನಿ."

"ಗೇಮಿನಾಗ ಬ್ಯಾಡ್ರಿ. ಯಾರಿಗೆ ಹೇಳಬೇಕೋ ಅವರಿಗೆ ಹೇಳ್ರಿ."

ಅವರು ನನ್ನನ್ನೇ ನೋಡುತ್ತ ಫೋನ್ ತೆಗೆದರು. ಸ್ಪೀಕರ್ ಹಾಕಿದರು.

"ಭಾಯಿ, ಹುಮೇರಾ ಕಾಲೇಜಿನ ಕೆಲಸಕ್ಕ ಸೇರತಾಳ. ಅವತ್ತು ನಾ ಸುಮ್ಮನಿದ್ದದ್ದು ಒಪ್ಪಿಗಿ ಅಲ್ಲ. ಹೆದರಿಕಿ."

"ಯಾರ ಹೆದರಿಕಿಯೋ?"

"ನಿಮ್ಮದ."

ಆ ಕಡೆ ಲಾರಿಯ ಹಾರ್ನ್ ಉದ್ದಕ್ಕೆ ಕೂಗಿ ನಿಂತಿತು. "ನನಗ ಇದು ಸೇರಂಗಿಲ್ಲ," ಅಂದರು ಭಾವ. ಆಮೇಲೆ, "ದಿನಾ ಅಷ್ಟು ದೂರ ಹೆಂಗ ಹೋಗಿ ಬರತಾಳ? ಯೋಚನಿ ಮಾಡೀಯೋ, ಬರೇ ಜೋರೋ?"

"ಕುರುಗೋಡಿನಾಗ ಮನಿ ಮಾಡ್ತೀವಿ. ನಾ ಬಳ್ಳಾರಿಗೆ ಹೋಗ್ತೀನಿ, ಅಕಿ ಸಿರುಗುಪ್ಪಕ್ಕ."

ಫೋನ್ ಇಟ್ಟಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಇಷ್ಟು ಚೆಂದದ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೂ ಹುಬ್ಬೇರಿಸಿದೆ.

"ಕುರುಗೋಡಿನಾಗ ಮನಿ? ನನ್ನ ಕೇಳಿದ್ರೇನು?"

ಅವರ ಮುಖ ಇಳಿಯಿತು. "ಯಾ ಅಲ್ಲಾ. ಕೇಳಲಿಲ್ಲಲ್ಲ!" ಒಂದು ಹೆಜ್ಜೆ ಹತ್ತಿರ ಬಂದರು. ದನಿ ತಗ್ಗಿತು. "ಈಗ ಕೇಳತೀನಿ. ಇರ್ತೀಯೇನು, ಇಲ್ಲಿ, ನನ್ನ ಜೊತಿ? ಬಾಗಿಲ ಹಿಂದ ನಿಂತು ಕೇಳಿ ಸಾಕಾಗೇತಿ. ಒಳಗ ಕುಂತು ಕೇಳಬೇಕು ನಿನ್ನ ಪಾಠ."

ನಾನು ಮಾತನ್ನು ತೂಗಿ ಆಡುವವಳು. ಬಸ್ಸೊಂದು ತುಂಬಿ ಹೊರಡುವವರೆಗೂ ಯೋಚಿಸಿದೆ. ಅವರು ಕಣ್ಣು ಕದಲಿಸದೆ ಕಾದರು.

"ಬೆಳಿಗ್ಗೆ ಸಿರುಗುಪ್ಪಕ್ಕ ಮೊದಲನೇ ಬಸ್ ಎಷ್ಟಕ್ಕೈತಿ," ಅಂದೆ, "ಕೇಳ್ಕೊಂಡ ಬರ್ರಿ."

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅಲ್ಲಿಂದಲೇ, ಇಡೀ ಬಸ್ ನಿಲ್ದಾಣ ತಿರುಗಿ ನೋಡುವಂತೆ, ವಿಚಾರಣೆ ಕಿಟಕಿಯೊಳಗಿನವರಿಗೆ ಕೂಗಿದರು:

"ಸಾಹೇಬ್ರ, ಸಿರುಗುಪ್ಪಕ್ಕ ಬೆಳಗಿನ ಬಸ್ ಎಷ್ಟಕ್ಕ್ರಿ? ನಮ್ಮ ಮನಿಯವರು ಕಾಲೇಜಿಗೆ ಹೋಗಬೇಕು!"