ರೆಪ್ಪೆಯವರೆಗೆ ಬಂದ ಗೆರೆ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹಳೆಯ ನಾಣ್ಯ ಯಾವ ಅಚ್ಚಿನದೆಂದು ಗುರುತಿಸುವುದು ನನ್ನ ಕೆಲಸ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಮೂಡಿದ ಗೆರೆ ಸವೆಯಬಹುದು, ಬೆಳೆಯಲಾರದು.

ಭಾವ ತೀರಿಕೊಂಡ ಮೇಲೆ ಅಕ್ಕ ಅವರ ನಾಣ್ಯವೊಂದನ್ನು ನನಗೆ ಕೊಟ್ಟಳು. ಅದರ ಮೇಲಿನ ರಾಣಿಯ ಮುಖವೆಲ್ಲ ಸವೆದಿತ್ತು. ಹಣೆಯಿಂದ ಹುಬ್ಬಿಗೆ ಇಳಿದ ಗೆರೆ ಮಾತ್ರ ನಿನ್ನೆ ಒತ್ತಿದಷ್ಟು ಚೂಪಾಗಿತ್ತು.

"ಮುಟ್ಟಿದ್ರೆ ಬೆಚ್ಚಗಿರುತ್ತೆ ಕಣೋ, ನನಗೆ ಬೇಡ," ಅಂದಳು.

"ಭೂತಗನ್ನಡೀಲಿ ನೋಡ್ತೀನಿ ಬಿಡು, ಭೂತ ಇದ್ರೆ ಕಾಣುತ್ತೆ," ಎಂದು ನಕ್ಕೆ.

ಜೊತೆಗೆ ಕೊಟ್ಟಿದ್ದ ಭಾವನ ಟಿಪ್ಪಣಿ ಪುಸ್ತಕದಲ್ಲಿ ಅವರೇ ಬರೆದ ಅದೇ ನಾಣ್ಯದ ಚಿತ್ರವಿತ್ತು. ಅದರಲ್ಲಿ ಗೆರೆ ಕೂದಲಂಚಿನಲ್ಲೇ ನಿಂತಿತ್ತು. ಕೊನೆಕೊನೆಗೆ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ತಪ್ಪಾಗಿ ಬರೆದಿರಬೇಕು ಅಂದುಕೊಂಡೆ.

ವಾರದ ನಂತರ, ಮಟಮಟ ಮಧ್ಯಾಹ್ನ, ಮೇಜಿನ ಡ್ರಾಯರಿನೊಳಗೆ ಏನೋ ಒಮ್ಮೆ ಟಕ್ಕೆಂದಿತು. ನಾಣ್ಯ ತೆಗೆದರೆ, ಅಚ್ಚಿನಿಂದ ಆಗಷ್ಟೇ ಹೊರಬಿದ್ದದ್ದರಂತೆ ಬಿಸಿಯಾಗಿತ್ತು. ಗೆರೆ ರೆಪ್ಪೆ ಮುಟ್ಟಿತ್ತು.

ಅಕ್ಕನಿಗೆ ಫೋನ್ ಮಾಡಿದೆ. "ಭಾವ ಇದರ ಬಗ್ಗೆ ಏನಾದ್ರೂ ಹೇಳಿದ್ರಾ?"

"ಗೆರೆ ಕಣ್ಣಿಗೆ ಬರೋದ್ರೊಳಗೆ ಯಾರಿಗಾದ್ರೂ ಕೊಟ್ಟುಬಿಡು ಅಂದಿದ್ರು."

ಯಾರ ಕಣ್ಣಿಗೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು.