ಹಸಿರು ದೀಪದ ವಾರ್ಡು

ವಾರ್ಡಿನ ಬಾಗಿಲ ಮೇಲೆ ಕೂತ ನಿಗಾಮಾಪಕ ಎಂಬ ಪೆಟ್ಟಿಗೆಯ ದೀಪ ಹಸಿರಾಗಿತ್ತು. ಹಸಿರು ಎಂದರೆ ಇದು ನಿಜವಾದ ಐಸಿಯು ಎಂದರ್ಥ. ಮೂವತ್ತೋ ನಲವತ್ತೋ ವರ್ಷ ಮುಂದಿನ ಮಾತು ಇದು.

ಆ ದೀಪ ಬರುವ ಮೊದಲು ಹಾಗಿರಲಿಲ್ಲ ನೋಡಿ. ಒಂದು ಆಸ್ಪತ್ರೆಯವರು ಉಸಿರಾಟದ ಯಂತ್ರಗಳಿದ್ದ ಕೋಣೆಯನ್ನು ಐಸಿಯು ಅನ್ನುತ್ತಿದ್ದರು. ಇನ್ನೊಬ್ಬರು ಪರದೆ ಕಟ್ಟಿ, ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿ, ಅದಕ್ಕೂ ಅದೇ ಹೆಸರು ಬರೆಸುತ್ತಿದ್ದರು. ಎರಡೂ ಕಡೆಯ ಸಾವಿನ ಲೆಕ್ಕ ಹೋಲಿಸುವುದೆಂದರೆ ಸಾಸಿವೆಯನ್ನೂ ಕುಂಬಳಕಾಯಿಯನ್ನೂ ಒಂದೇ ಸೇರಿನಲ್ಲಿ ಅಳೆದ ಹಾಗೆ. ಅದಕ್ಕೇ ಡಾಕ್ಟರ್ ವಿಶಾಲಾಕ್ಷಿ ಕರ್ಜಗಿ ಈ ಪೆಟ್ಟಿಗೆ ಮಾಡಿದರು. ಫಲಕ ಏನೇ ಹೇಳಲಿ, ಅದು ಅಳೆಯುವುದು ಹಾಸಿಗೆಯ ಪಕ್ಕ ನಡೆಯುವುದನ್ನು: ರೋಗಿಯ ಉಸಿರಿಗೆ ಆಸರೆ ಇದೆಯೇ, ಹತ್ತಿರ ಸದಾ ಒಬ್ಬರಿದ್ದಾರೆಯೇ. ಕೆಂಪು ಬಂದ ಕಡೆಗೆ ಸರ್ಕಾರದವರು ಯಂತ್ರ, ನರ್ಸು ಕಳಿಸುತ್ತಿದ್ದರು. ಅಲ್ಲಿಯ ರೋಗಿಯನ್ನು ದೊಡ್ಡಾಸ್ಪತ್ರೆಗೆ ಒಯ್ಯುತ್ತಿದ್ದರು.

ತುಂಗಭದ್ರೆಯ ದಂಡೆಯ ಈ ಸಣ್ಣ ಆಸ್ಪತ್ರೆಯ ದೀಪ ಎಂದೂ ಹಸಿರು ಬಿಟ್ಟಿರಲಿಲ್ಲ. ಆದರೂ ಹಸಿರು ವಾರ್ಡುಗಳಲ್ಲೆಲ್ಲ ಹೆಚ್ಚು ಸಾವು ಇಲ್ಲೇ. ಇಲ್ಲಿಯ ವೈದ್ಯರು ದಡ್ಡರೆಂದು ಮೇಲಿನವರು ತೀರ್ಮಾನಿಸಿಬಿಟ್ಟಿದ್ದರು. ವಿಶಾಲಾಕ್ಷಿಗೆ ಸಮಾಧಾನವಾಗದೆ ತಾವೇ ಬಂದರು.

ಮೂಲೆಯ ಹಾಸಿಗೆಯಲ್ಲಿ ಹಗ್ಗ ಹೊಸೆಯುವ ಫಕೀರಪ್ಪ. ಬಾಯಿಗೆ ನಳಿಕೆ, ನಳಿಕೆಗೊಂದು ರಬ್ಬರ್ ಚೀಲ. ಮಗಳು ದ್ಯಾಮವ್ವ ಚೀಲ ಒತ್ತಿದರೆ ಅಪ್ಪನ ಎದೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

"ಮಷಿನ್ ಇಲ್ಲೇನ್ರಿ?" ಎಂದರು ವಿಶಾಲಾಕ್ಷಿ.

"ಇದ್ದದ್ದೊಂದು ಕೆಟ್ಟೈತ್ರಿ," ಎಂದಳು ನರ್ಸ್ ನೂರ್ಜಹಾನ್. "ಹೊಸಾದು ಕೇಳಿದ್ರ, ನಿಮ್ಮದು ಹಸಿರ ಐತಲ್ಲ ಅಂತಾರ. ದೊಡ್ಡಾಸ್ಪತ್ರಿಗೆ ಕಳಸ್ತೀವಿ ಅಂದ್ರೂ ಅದ ಮಾತು. ಅದಕ್ಕ ಮನ್ಯಾವ್ರು ಪಾಳಿ ಹಚ್ಚಿ ಒತ್ತತಾರ."

"ಆ ದೀಪ ಮಾಡಿದಾವ್ರು ಸಿಕ್ರ ಒಂದ ಪಾಳಿ ಇಲ್ಲಿ ಕುಂಡ್ರಸ್ತಿದ್ದೆ ನೋಡ್ರಿ ಅಕ್ಕಾರ," ಎಂದಳು ದ್ಯಾಮವ್ವ, ಕೈ ನಿಲ್ಲಿಸದೆ.

ವಿಶಾಲಾಕ್ಷಿ ಪೆಟ್ಟಿಗೆಯೊಳಗಿನ ಲೆಕ್ಕ ತೆಗೆದು ನೋಡಿದರು. ಪೆಟ್ಟಿಗೆಗೆ ಅವರು ಪಾಠ ಕಲಿಸಿದ್ದು ರಾಜಧಾನಿಯ ವಾರ್ಡಿನಲ್ಲಿ. ಅಲ್ಲಿ ಮನೆಯವರನ್ನು ಒಳಗೇ ಬಿಡುವುದಿಲ್ಲ. ಹಾಸಿಗೆಯ ಪಕ್ಕ ಕೂತವರೆಲ್ಲ ನರ್ಸು ಎಂದು ಅದು ತಿಳಿದಿತ್ತು. ಮಗಳ ಕೈಯನ್ನು ಯಂತ್ರವೆಂದು ಎಣಿಸಿತ್ತು.

ಅಲ್ಲೇ ಕೂತು ಆ ಪಾಠ ತಿದ್ದಿದರು. ದೀಪ ಕೆಂಪಾಯಿತು. ಹಾರುವ ಆಂಬುಲೆನ್ಸ್ ಹೊರಟ ಸುದ್ದಿ ಬಂತು.

"ಆ ದೀಪ ಮಾಡಿದಾಕಿ ನಾನವ್ವ. ಪಾಳಿ ಕೊಡು."

ದ್ಯಾಮವ್ವ ಅವರ ಮುಖ ನೋಡಿದಳು. ಬೈಯದೆ ಚೀಲ ಅವರ ಕೈಗೆ ಕೊಟ್ಟಳು. "ಸಾವಕಾಶ ಒತ್ರಿ. ನಮ್ಮಪ್ಪಗ ಮೊದ್ಲಿಂದ ಅವಸರ ಅಂದ್ರ ಆಗಂಗಿಲ್ಲ."

ಆಂಬುಲೆನ್ಸ್ ಇಳಿಯುವ ಮೊದಲೇ ಫಕೀರಪ್ಪನ ನಾಡಿ ನಿಂತಿತು. ನೂರ್ಜಹಾನ್ ಎಷ್ಟು ಪ್ರಯತ್ನಿಸಿದರೂ ಮರಳಲಿಲ್ಲ. ವಿಶಾಲಾಕ್ಷಿ ಮಾತ್ರ ಒತ್ತುತ್ತಲೇ ಇದ್ದರು. ಎದೆ ಏರುತ್ತಲೇ ಇತ್ತು, ಇಳಿಯುತ್ತಲೇ ಇತ್ತು. ಕಡೆಗೆ ದ್ಯಾಮವ್ವನೇ ಅವರ ಕೈ ಹಿಡಿದಳು.

"ಸಾಕ್ರಿ ಅಕ್ಕಾರ."

ಎಲ್ಲ ಪೆಟ್ಟಿಗೆಗಳಿಗೂ ಆ ತಿದ್ದುಪಡಿ ಹೋದ ಮೇಲೆ ನಾಡಿನ ಎಷ್ಟೋ ಕಡೆ ದೀಪಗಳು ಕೆಂಪಾದವು. ಅವು ಹಸಿರಾಗಿದ್ದಷ್ಟು ಕಾಲ ಯಾರ್ಯಾರ ಮಕ್ಕಳು ಅಲ್ಲಿ ಕೂತಿದ್ದರೋ, ಯಾರು ಬಲ್ಲರು.

ಅಂಥ ಪೆಟ್ಟಿಗೆ ಇನ್ನೂ ಹುಟ್ಟಿಲ್ಲ. ಸದ್ಯಕ್ಕೆ ಬಾಗಿಲ ಮೇಲೆ ಐಸಿಯು ಎಂಬ ಫಲಕ ಇದೆ. ಓದಿಕೊಂಡು ಮುಂದೆ ಹೋಗುತ್ತೇವೆ. ಒಳಗೆ ಯಾರೋ ಚೀಲ ಒತ್ತುತ್ತಿರುತ್ತಾರೆ.